ಬೀಗರೂಟ ಮುಗೀತಲ್ಲ, ಇನ್ನು ಕಾಗದದ ಕೆಲಸ ನೋಡು ಪುಟ್ಟಿ

ಪುಟ್ಟಿ,

ಮೊನ್ನೆ ಬೀಗರೂಟದ ಗಲಾಟೇಲಿ ನಿನ್ ಹತ್ರ ಕೂತು ಎರಡು ಮಾತಾಡಕ್ಕೂ ಆಗ್ಲಿಲ್ಲ, ನೀನೂ ಅಳಿಯಂದ್ರೂ ಆಗ್ಲೇ ಬೆಂಗಳೂರಿಗೆ ಹೊರಟುಬಿಟ್ರಿ. ಇಲ್ಲಿ ಸಕಲೇಶಪುರದಲ್ಲಿ ಮಳೆ ಹಿಡ್ಕೊಂಡಿದೆ, ಕರೆಂಟಿಲ್ಲ, ಅದಕ್ಕೇ ಕೂತು ಬರೀತಿದೀನಿ. ಈ ತಿಂಗಳೇ ಮದುವೆ ರಿಜಿಸ್ಟರ್ ಮಾಡಿಸ್ಕೊಳ್ಳಿ. ಅರ್ಜಿ ಈಗ ಸರ್ಕಾರದ ನೋಂದಣಿ ವೆಬ್‌ಸೈಟು, ಕಾವೇರಿ ಪೋರ್ಟಲ್ಲಲ್ಲೇ ಹಾಕಬಹುದಂತೆ, ನಿಮಗೇನು ಫೋನಲ್ಲೇ ಎಲ್ಲಾ ಆಗುತ್ತೆ.

ನಿನ್ ದೊಡ್ಡಪ್ಪ ಹೋದ್ಮೇಲೆ ತೋಟದ ಪೌತಿ ಖಾತೆ (ಸತ್ತೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಮಾಡ್ಸೋದು) ಅಂತ, ಬ್ಯಾಂಕು ಅಂತ ಅಲೀತಿದ್ದೆ ನೋಡು, ಆಗ ಒಂದ್ ಆಫೀಸಲ್ಲಿ ಮದುವೆ ಆಗಿದ್ದಕ್ಕೆ ದಾಖಲೆ ಏನಿದೆ ಅಂತ ಕೇಳಿದ್ರು. ಮೂವತ್ತೆರಡು ವರ್ಷ ಸಂಸಾರ ಮಾಡಿದ್ದಕ್ಕೆ ದಾಖಲೆ! ಲಗ್ನಪತ್ರಿಕೆ ಗೆದ್ದಲು ತಿಂದಿತ್ತು. ಆಲ್ಬಮ್ಮನ್ನ ಗೊಬ್ಬರದ ಚೀಲದಲ್ಲಿ ಸುತ್ತಿ ಮಳೇಲಿ ಎದೆಗವಚ್ಕೊಂಡು ಹೋದೆ, ಅಲ್ಲಿದ್ದ ಹುಡುಗ ತಾಳಿ ಕಟ್ಟೋ ಫೋಟೋ ತಿರುಗಿಸಿ ಮುರುಗಿಸಿ ನೋಡಿ "ಇದ್ರಲ್ಲಿ ನಿಮ್ ಮುಖನೇ ಕಾಣಲ್ವಲ್ಲಮ್ಮ" ಅಂದ. ತಲೆ ಎತ್ತಬೇಡ ಅಂತ ಅವತ್ತು ನಮ್ಮಜ್ಜಿ ಗದರಿದ್ರು ಕಣೇ, ನಾನೇನ್ ಮಾಡ್ಲಿ. ರಿಜಿಸ್ಟರ್ ಆಗ್ದಿದ್ರೆ ಮದುವೆನೇ ಸುಳ್ಳು ಅಂತಲ್ಲ, ಶಾಸ್ತ್ರದ ಪ್ರಕಾರ ಆಗಿದ್ರೆ ಕಾನೂನು ಒಪ್ಪುತ್ತೆ, ಆದ್ರೆ ರುಜುವಾತು ಮಾಡೋ ಪಾಡು ಉಳ್ಕೊಂಡೋರ ತಲೆಗೆ ಬರುತ್ತೆ. 2006ರಲ್ಲೇ ಸುಪ್ರೀಂ ಕೋರ್ಟು ಮದುವೆ ರಿಜಿಸ್ಟರ್ ಮಾಡ್ಸೋದನ್ನ ಕಡ್ಡಾಯ ಮಾಡಿ ಅಂತ ರಾಜ್ಯಗಳಿಗೆ ಹೇಳಿತ್ತು.

ತೋಟ ನಿನ್ ದೊಡ್ಡಪ್ಪ ಸ್ವಂತ ದುಡ್ಡಲ್ಲಿ ತಗೊಂಡಿದ್ದು, ವಿಲ್ ಬರೆದಿರ್ಲಿಲ್ಲ, ಎಲ್ಲಾ ನಂಗೇ ಬರುತ್ತೆ ಅನ್ಕೊಂಡಿದ್ದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಂಗೆ, ಇಬ್ರು ಮಕ್ಕಳಿಗೆ, ನಮ್ ಅತ್ತೆಗೆ, ಒಟ್ಟು ನಾಲ್ಕು ಸಮಪಾಲು ಅಂದ್ರು ಲಾಯರು. ಅತ್ತೆಗೂ ನನ್ನಷ್ಟೇನಾ ಅಂತ ಮೈ ಉರೀತು, ಸುಳ್ ಯಾಕ್ ಹೇಳ್ಲಿ. ಮನೆಗ್ ಬಂದ್ರೆ ಆ ಮುದುಕಿ ಮಗನ ಕಂಬಳಿ ಮಡಚ್ತಾ ಕೂತಿದ್ರು, ನಾಚಿಕೆ ಆಗೋಯ್ತು. ಎಫ್‌ಡಿಗೆ ನಾನೇ ನಾಮಿನಿ, ದುಡ್ಡು ನನ್ ಕೈಗೇ ಬಂತು, ಆದ್ರೆ ನಾಮಿನಿ ಅಂದ್ರೆ ಈಸ್ಕೊಳ್ಳೋರು ಅಷ್ಟೇ ಕಣೇ, ವಾರಸುದಾರರ ಪಾಲು ಎಲ್ಲೂ ಹೋಗಲ್ಲ.

ನಿಂದೂ ಸಂಬಳ ಇದೆಯಲ್ಲ, ಇದನ್ನ ಕೇಳು. ಮಕ್ಕಳೂ ಇಲ್ದೆ ವಿಲ್ಲೂ ಇಲ್ದೆ ಹೆಂಗಸು ಹೋದ್ರೆ ಅವಳು ದುಡಿದಿದ್ದು ಗಂಡನಿಗೆ, ಅವನೂ ಇಲ್ಲಾಂದ್ರೆ ಗಂಡನ ಕಡೆ ವಾರಸುದಾರರಿಗೆ, ಅವರಾದ್ಮೇಲೆ ಹೆತ್ತ ಅಪ್ಪ ಅಮ್ಮಂಗೆ. ಇದು ನಂಗಂತೂ ಸರಿ ಅನ್ಸಲ್ಲ. ಅದಕ್ಕೇ ಇಬ್ರೂ ವಿಲ್ ಬರೆದಿಡಿ, ಅಪಶಕುನ ಅಂತ ನಿಮ್ಮಮ್ಮ ಬೈದ್ರೆ ನನ್ ಹೆಸರು ಹೇಳು. ಒಡವೆ ಸ್ತ್ರೀಧನ, ಯಾರ ಲಾಕರಲ್ಲಿದ್ರೂ ನಿಂದೇ, ಬಿಲ್ಲು ಇಟ್ಕೋ.

ಬರೀ ಹಕ್ಕು ಹೇಳ್ಕೊಡ್ತಾಳೆ ದೊಡ್ಡಮ್ಮ ಅನ್ಬೇಡ. ಜೀವನಾಂಶ ಅಂದ್ರೆ ಗಂಡನೇ ಕೊಡೋದು ಅಂತ ನಾವೆಲ್ಲ ಅನ್ಕೊಂಡಿದೀವಿ, ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ವಿಚ್ಛೇದನದಂಥ ಕೇಸು ನಡೆಯೋವಾಗ ವರಮಾನ ಇಲ್ದ ಗಂಡನೂ ದುಡಿಯೋ ಹೆಂಡ್ತಿ ಹತ್ರ ಕೇಳಬಹುದು. ವಯಸ್ಸಾದ ಹೆತ್ತೋರನ್ನ ನೋಡ್ಕೊಳ್ಳೋದೂ ಅಷ್ಟೇ, ಕಾನೂನಿಗೆ ಮದುವೆ ಆದ ಮಗಳೂ ಒಂದೇ ಮಗನೂ ಒಂದೇ. ಅಳಿಯಂದ್ರು ಒಬ್ರೇ ಮಾಡ್ಕೊಂಡ ಸಾಲ ನಿನ್ ಮೇಲೆ ಬರಲ್ಲ, ಆದ್ರೆ ಬ್ಯಾಂಕಲ್ಲಿ ಬರೀ ಒಂದ್ ಸೈನ್ ಅಂತ ಜಾಮೀನಿಗೋ ಜಂಟಿ ಸಾಲಕ್ಕೋ ಹಾಕಿಸ್ಕೊಂಡ್ರೆ ಪೂರ್ತಿ ಸಾಲಕ್ಕೂ ನಿನ್ನ ಹಿಡೀತಾರೆ, ಓದ್ದೆ ಹಾಕ್ಬೇಡ.

ಹೆಣ್ಮಕ್ಕಳಿಗೆ ವರಮಾನ ಎಷ್ಟೇ ಇರ್ಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಲಾಯರ್ ನೆರವು ಪುಕ್ಕಟೆ, ಹಾಸನದಲ್ಲೂ ಇದೆ. ನಂಗಿದು ಗೊತ್ತಾಗಿದ್ದು ಎರಡು ಮೂಟೆ ಮೆಣಸು ಮಾರಿ ಫೀಸ್ ಕಟ್ಟಿದ್ಮೇಲೆ.

ನಿನ್ ಮದುವೆ ಫೋಟೋದಲ್ಲಿ ಮುಖ ಚೆನ್ನಾಗೇ ಕಾಣುತ್ತೆ ಬಿಡು, ಹಲ್ಲೂ ಕಾಣುತ್ತೆ. ಆದ್ರೂ ಸರ್ಟಿಫಿಕೇಟ್ ಬಂದ ದಿನ ವಾಟ್ಸಾಪಲ್ಲಿ ಕಳ್ಸು. ಕಾಫಿಪುಡಿ ಡಬ್ಬ ಇಲ್ಲೇ ಮರೆತು ಹೋಗಿದೀಯ, ಭಾನುವಾರ ನಿನ್ ತಮ್ಮನ ಕೈಲಿ ಕೊಟ್ ಕಳಿಸ್ತೀನಿ.

ನಿನ್ನ ದೊಡ್ಡಮ್ಮ