ಸ್ಕ್ರೋಲ್ ಸಾ ತಾನೇ ಕತ್ತರಿಸುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ಪುರವಣಿಯಲ್ಲಿ ಮರಗೆಲಸದ ಹವ್ಯಾಸದ ಬಗ್ಗೆ ಬಂದ ಬರಹ ಓದಿದೆ. ಸ್ಕ್ರೋಲ್ ಸಾ ಎಂದರೆ ಮರದ ಹಲಗೆಯಲ್ಲಿ ಸಣ್ಣ ಸಣ್ಣ ತಿರುವು ಕತ್ತರಿಸುವ ಮೋಟರ್ ಗರಗಸ. ಅದರ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಅದಕ್ಕೆ ಅರ್ಧ ಪುಟ ಕೊಟ್ಟಿದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಒಂದು ಮಾತು ಮಾತ್ರ ಎರಡು ದಿನ ನನ್ನ ತಲೆಯಿಂದ ಹೋಗಲಿಲ್ಲ. ಹಲಗೆಯ ಮೇಲೆ ಚಿತ್ರ ಅಂಟಿಸಿ ಮುಂದಕ್ಕೆ ತಳ್ಳಿದರೆ ಸಾಕು, ಮಿಕ್ಕಿದ್ದನ್ನು ಯಂತ್ರವೇ ಕತ್ತರಿಸಿಕೊಡುತ್ತದೆ ಎಂದು ಅದರಲ್ಲಿತ್ತು. ಅದು ಹಾಗಲ್ಲ. ಆ ಮಾತು ನಂಬಿ ಯಂತ್ರ ಕೊಂಡವರು ಒಂದೇ ವಾರದಲ್ಲಿ ಅದಕ್ಕೆ ಬಟ್ಟೆ ಮುಚ್ಚಿಡುತ್ತಾರೆ. ನಾನೂ ಮುಚ್ಚಿಟ್ಟಿದ್ದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಸ್ಕ್ರೋಲ್ ಸಾ ಹಿಡಿದು ಆರು ವರ್ಷವಾಯಿತು. ಯಂತ್ರ ಮಾರಿದವರು ನನಗೂ ಇದೇ ಮಾತು ಹೇಳಿದ್ದರು. ನಾಲ್ಕು ದಿನ ಪೆನ್ಸಿಲ್ ಗೆರೆ ಎಳೆದು ಕತ್ತರಿಸಿದೆ. ಒಂದು ಗೆರೆಯೂ ನೇರ ಬರಲಿಲ್ಲ. ಪ್ರತಿ ಸಲವೂ ಬ್ಲೇಡ್ ಬಲಕ್ಕೇ ಓಡುತ್ತಿತ್ತು. ಕೈ ನಡುಗುತ್ತಿದೆ, ವಯಸ್ಸಾಯಿತು, ನನಗಿದು ಆಗುವ ಕೆಲಸವಲ್ಲ ಎಂದುಕೊಂಡೆ. ಯಂತ್ರ ಎರಡು ತಿಂಗಳು ಮೂಲೆ ಸೇರಿತು.

ಆಮೇಲೆ ಒಂದು ದಿನ ಸುಮ್ನೆ ಕೂತಿದ್ದಾಗ ಆ ತಪ್ಪಿದ ಗೆರೆಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದೆ. ಕೈ ನಡುಗಿದ್ದರೆ ಗೆರೆ ಅತ್ತಿತ್ತ ಹೋಗಬೇಕಿತ್ತು, ಅಲ್ವಾ? ಇಲ್ಲಿ ಹತ್ತಕ್ಕೆ ಹತ್ತೂ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಕೋನದಲ್ಲಿ ವಾಲಿದ್ದವು. ತಪ್ಪು ಒಂದೇ ಥರ ಇದ್ದರೆ ಅದಕ್ಕೆ ಒಂದೇ ಕಾರಣ ಇರಬೇಕು. ಹೊಸ ಬ್ಲೇಡ್ ತೆಗೆದು ಎರಡೂ ಬದಿಗೆ ಮೆಲ್ಲಗೆ ಉಗುರು ಸವರಿದೆ. ಎಡಬದಿ ನುಣುಪಾಗಿತ್ತು. ಬಲಬದಿ ಉಗುರಿಗೆ ಕಚ್ಚಿತು. ಈ ಬ್ಲೇಡುಗಳಿಗೆ ಹಲ್ಲು ಕೊರೆಯುವಾಗ ಒಂದು ಬದಿಗೆ, ಸಾಮಾನ್ಯವಾಗಿ ಬಲಕ್ಕೆ, ಸಣ್ಣ ಮುಳ್ಳಿನಂಥ ಅಂಚು ಉಳಿದುಬಿಡುತ್ತದೆ. ಆ ಬದಿ ಜಾಸ್ತಿ ಕತ್ತರಿಸುತ್ತದೆ. ಅದಕ್ಕೇ ಬ್ಲೇಡ್ ಅತ್ತ ಎಳೆಯುತ್ತದೆ. ಹಲಗೆಯನ್ನು ನೇರ ಎದುರಿಗೆ ತಳ್ಳದೆ ಸ್ವಲ್ಪ ಓರೆಯಾಗಿ ತಳ್ಳಿದರೆ ಗೆರೆ ನೇರ ಬರುತ್ತದೆ. ನನ್ನ ಯಂತ್ರದಲ್ಲಿ ಆ ಓರೆ 4-5 ಡಿಗ್ರಿ. ಬ್ಲೇಡ್ ಬದಲಾದರೆ ಅದೂ ಒಂಚೂರು ಬದಲಾಗುತ್ತದೆ. ಅದನ್ನು ಕೈಯೇ ಕಂಡುಕೊಳ್ಳಬೇಕು. ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಈ ಒಂದು ವಿಷಯವನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಯಂತ್ರ ನೋಡದವರಿಗೆ ಎರಡು ಮಾತು ಹೇಳಬೇಕು. ಒಂದು ಸಣ್ಣ ಮೇಜು. ಅದರ ನಡುವಿನ ತೂತಿನಲ್ಲಿ ಒಂದು ಬ್ಲೇಡ್ ನೆಟ್ಟಗೆ ನಿಂತಿರುತ್ತದೆ. ಉದ್ದ 5 ಇಂಚು. ಮೇಲೊಂದು, ಕೆಳಗೊಂದು ತೋಳು ಅದನ್ನು ಬಿಗಿಯಾಗಿ ಹಿಡಿದುಕೊಂಡು ಮೇಲೆ ಕೆಳಗೆ ಆಡಿಸುತ್ತವೆ. ಸಾಮಾನ್ಯ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 400ರಿಂದ 1800 ಸಲ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಜನ ಇದನ್ನು ಹೊಲಿಗೆ ಯಂತ್ರಕ್ಕೆ ಹೋಲಿಸುತ್ತಾರೆ. ಆದರೆ ಹೊಲಿಗೆ ಯಂತ್ರದಲ್ಲಿ ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಎಳೆದುಕೊಂಡು ಹೋಗುತ್ತವೆ. ಇಲ್ಲಿ ಅದೂ ಇಲ್ಲ. ಹಲಗೆ ಕೂದಲೆಳೆಯಷ್ಟು ಸರಿಯಬೇಕಾದರೂ ನಮ್ಮ ಬೆರಳೇ ಸರಿಸಬೇಕು. ತಿರುವು ಬಂದರೆ ಹಲಗೆಯನ್ನೇ ತಿರುಗಿಸಬೇಕು. ಚೂಪು ಮೂಲೆ ಬಂದರೆ ತಳ್ಳುವುದನ್ನು ನಿಲ್ಲಿಸಬೇಕು. ಹಲ್ಲಿಲ್ಲದ ಬೆನ್ನಿನ ಮೇಲೆ ಬ್ಲೇಡ್ ಒರಗುವಂತೆ ಹಲಗೆಯನ್ನು ಹಿಡಿದು, ನಿಂತಲ್ಲೇ ತಿರುಗಿಸಿ, ಮತ್ತೆ ಹೊರಡಬೇಕು. ಬ್ಲೇಡುಗಳನ್ನು ಗಾತ್ರದ ನಂಬರಿನಿಂದ ಗುರುತಿಸುತ್ತಾರೆ. 5ನೇ ನಂಬರ್ ಬ್ಲೇಡಿನ ಅಗಲ ಸುಮಾರು 1 ಮಿಲಿಮೀಟರ್, ದಪ್ಪ ಅದರ ಅರ್ಧಕ್ಕೂ ಕಡಿಮೆ. ಅಷ್ಟು ತೆಳ್ಳಗಿರುವುದರಿಂದಲೇ ಅದು ನಿಂತಲ್ಲೇ ತಿರುಗುತ್ತದೆ. ಅಷ್ಟು ತೆಳ್ಳಗಿರುವುದರಿಂದಲೇ ಜೋರು ಮಾಡಿದರೆ ಬಾಗುತ್ತದೆ, ತುಂಡಾಗುತ್ತದೆ.

ಕಳೆದ ವರ್ಷ ಒಂದು ಕರಕುಶಲ ಪ್ರದರ್ಶನಕ್ಕೆ ನನ್ನ ಜಾಲರಿ ಫಲಕವೊಂದನ್ನು ಕೊಟ್ಟಿದ್ದೆ. ಇದು ಯಂತ್ರದ ಕೆಲಸ, ಕೈಕೆಲಸವಲ್ಲ ಎಂದು ವಾಪಸ್ ಕೊಟ್ಟರು. ಆ ಫಲಕದಲ್ಲಿ 86 ಕಿಂಡಿಗಳಿವೆ. ಅಂಚಿನಿಂದ ಕತ್ತರಿಸಿಕೊಂಡು ಒಳಗೆ ಹೋಗುವ ಹಾಗಿಲ್ಲ, ಹೋದರೆ ಚೌಕಟ್ಟೇ ಸೀಳುತ್ತದೆ. ಮೊದಲು ಪ್ರತಿ ಕಿಂಡಿಯ ಒಳಗೆ ಡ್ರಿಲ್ಲಿನಿಂದ ಸಣ್ಣ ರಂಧ್ರ ಮಾಡಬೇಕು. ಬ್ಲೇಡಿನ ಮೇಲ್ತುದಿ ಬಿಚ್ಚಿ, ರಂಧ್ರದಲ್ಲಿ ತೂರಿಸಿ, ಮತ್ತೆ ಕಟ್ಟಿ, ಬಿಗಿ ಮಾಡಿ, ಕತ್ತರಿಸಿ, ಮತ್ತೆ ಬಿಚ್ಚಬೇಕು. ಹೀಗೆ 86 ಸಲ. ಬಿಗಿ ಸರಿಯಾಗಿದೆಯೇ ಎಂದು ತಂತಿ ಮೀಟುವ ಹಾಗೆ ಬ್ಲೇಡ್ ಮೀಟಿ ನೋಡುತ್ತೇನೆ. ಸಣ್ಣ ಸ್ವರ ಬಂದರೆ ಸರಿ. ದಪ್ಪ ಸ್ವರ ಬಂದರೆ ಸಡಿಲ. ಹನ್ನೊಂದು ದಿನ ಹಿಡಿಯಿತು ಆ ಫಲಕ. ಅದನ್ನು ವಾಪಸ್ ಕೊಟ್ಟವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಯಂತ್ರವೇ ಕತ್ತರಿಸುತ್ತದೆ ಎಂದು ಎಲ್ಲೋ ಓದಿ, ಯಾರಿಂದಲೋ ಕೇಳಿಯೇ ಅವರೂ ಹಾಗೆ ನಂಬಿರುತ್ತಾರೆ.

ಮರ ಕತ್ತರಿಸುವ ಲೇಸರ್ ಯಂತ್ರವನ್ನು ನಾನು ಹಳಿಯುವುದಿಲ್ಲ. ಅದಕ್ಕೆ ಅದರದ್ದೇ ಜಾಣ್ಮೆ ಬೇಕು. ಆದರೆ ಅಲ್ಲಿ ಗೆರೆಯ ಮೇಲೆ ಹೋಗುವುದು ಕಂಪ್ಯೂಟರ್. ನಿಮ್ಮ ಬರಹದ ಮಾತು ಅದಕ್ಕೆ ಹೊಂದುತ್ತದೆ, ಸ್ಕ್ರೋಲ್ ಸಾಗೆ ಹೊಂದುವುದಿಲ್ಲ.

ಬರಹದಲ್ಲಿ ಮರದ ಬಗ್ಗೆ ಏನೂ ಇರಲಿಲ್ಲ, ಅದೊಂದು ಕೊರತೆ ಅನಿಸಿತು. ಮರಕ್ಕೆ ಅದರ ನಾರಿನ ಎಳೆ ಸಾಗುವ ದಿಕ್ಕು ಎಂಬುದೊಂದಿದೆ. ನಾನು ಮೊದಲು ಮಾಡಿದ ಕೊಕ್ಕರೆಗೆ ಎರಡು ಸಣ್ಣ ಕಾಲು. ಕತ್ತರಿಸುವಾಗ ಏನೂ ಆಗಲಿಲ್ಲ. ಸ್ಯಾಂಡ್‌ಪೇಪರ್ ಉಜ್ಜುವಾಗ ಎರಡೂ ಕಾಲು ಟಕ್ಕೆಂದು ಮುರಿದವು. ಮರದ ಎಳೆ ಕಾಲಿಗೆ ಅಡ್ಡ ಇತ್ತು. ಎಳೆ ಉದ್ದಕ್ಕೆ ಸಾಗಿದ್ದರೆ ಅಷ್ಟೇ ಸಣ್ಣ ಕಾಲು ಗಟ್ಟಿ ನಿಲ್ಲುತ್ತಿತ್ತು. ಅಂದಿನಿಂದ ಚಿತ್ರ ಅಂಟಿಸುವ ಮೊದಲು ಅದರಲ್ಲಿ ಅತಿ ಸಣ್ಣ ಭಾಗ ಯಾವುದು, ಅದು ಯಾವ ಕಡೆಗೆ ಸಾಗುತ್ತದೆ ಎಂದು ನೋಡುತ್ತೇನೆ. ಪ್ಲೈವುಡ್ಡಿನಲ್ಲಿ ಈ ತಾಪತ್ರಯ ಕಡಿಮೆ. ಅದರಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕಿರುತ್ತದೆ. ಕಲಿಯುವವರು ಒಳ್ಳೆಯ ಪ್ಲೈವುಡ್ಡಿನಿಂದಲೇ ಶುರು ಮಾಡಲಿ. ಒಳಪದರದಲ್ಲಿ ಪೊಳ್ಳು ಇರುವ ಅಗ್ಗದ ಪ್ಲೈ ಬೇಡ. ಬ್ಲೇಡ್ ಆ ಪೊಳ್ಳಿಗೆ ಬಿದ್ದ ಕೂಡಲೇ ಗೆರೆ ತಪ್ಪುತ್ತದೆ.

ಇನ್ನೊಂದು ವಿಷಯ. ಬ್ಲೇಡ್ ಮೇಲೆ ಕೆಳಗೆ ಆಡುವುದು ಮುಕ್ಕಾಲು ಇಂಚಿನಷ್ಟು ಮಾತ್ರ. 3 ಮಿಲಿಮೀಟರ್ ಹಲಗೆ ಕತ್ತರಿಸಿದರೆ 5 ಇಂಚಿನ ಬ್ಲೇಡಿನಲ್ಲಿ ಒಂದು ಇಂಚೂ ಪೂರ್ತಿ ಬಳಕೆಯಾಗುವುದಿಲ್ಲ. ಅಷ್ಟರಲ್ಲಿ ಆ ಭಾಗದ ಹಲ್ಲು ಸವೆದು ಬ್ಲೇಡ್ ಕಸಕ್ಕೆ ಹೋಗುತ್ತದೆ. ನಾನು ಮೇಜಿನ ಮೇಲೆ ಇನ್ನೊಂದು ಹಲಗೆ ತುಂಡು ಅಂಟಿಸಿ ಕೆಲಸವನ್ನು ಎತ್ತರಿಸುತ್ತೇನೆ. ಆಗ ಸವೆಯದ ಹಲ್ಲು ಕೆಲಸಕ್ಕೆ ಸಿಗುತ್ತವೆ. ಹಾಗೆಂದು ಮೊಂಡು ಬ್ಲೇಡನ್ನು ಉಳಿಸಿಕೊಂಡು ಕೂರಬೇಡಿ. ಗಟ್ಟಿ ಮರವಾದರೆ ನನಗೆ ಒಂದು ಬ್ಲೇಡ್ ಅರ್ಧ ಗಂಟೆ ಬಂದರೆ ಹೆಚ್ಚು. ಮೊಂಡಾದ ಮೇಲೆ ಗೊತ್ತಿಲ್ಲದೇ ನಾವು ಜೋರಾಗಿ ತಳ್ಳುತ್ತೇವೆ. ಬ್ಲೇಡ್ ಬಾಗುತ್ತದೆ, ಅಂಚು ಓರೆಯಾಗುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ. ಚಿತ್ರದ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಸುಡುವುದು ಎಷ್ಟೋ ಕಡಿಮೆಯಾಗುತ್ತದೆ.

ನನಗೆ ತುಂಬಾ ಇಷ್ಟವಾದ ಕೆಲಸ ಮಾತ್ರ ಬೇರೆಯೇ. ಒಂದು ಮರದೊಳಗೆ ಇನ್ನೊಂದು ಬಣ್ಣದ ಮರ ಕೂರಿಸುವುದು. ಕಪ್ಪು ಹಲಗೆ ಮೇಲೆ ಬಿಳಿ ಹಲಗೆ ಇಟ್ಟು, ಎರಡನ್ನೂ ಒಟ್ಟಿಗೆ ಎಲೆಯ ಆಕಾರಕ್ಕೆ ಕತ್ತರಿಸಿ, ಮೇಲಿನ ಎಲೆಯನ್ನು ಕೆಳಗಿನ ತೂತಿಗೆ ಕೂರಿಸಿದರೆ ಸುತ್ತಲೂ ಸಂದು ಉಳಿಯುತ್ತದೆ. ಬ್ಲೇಡ್ ತಿಂದುಹಾಕಿದ ಜಾಗ ಅದು. ಆದರೆ ಮೇಜನ್ನು ಸ್ವಲ್ಪ ವಾಲಿಸಿ ಕತ್ತರಿಸಿದರೆ ಮೇಲಿನ ತುಂಡು ಬೆಣೆಯ ಹಾಗೆ ಕೆಳಕ್ಕೆ ಇಳಿದು, ಸಂದು ಮುಚ್ಚಿ, ಬಿಗಿಯಾಗಿ ಕೂರುತ್ತದೆ. ಎಷ್ಟು ವಾಲಿಸಬೇಕು? ಇಲ್ಲಿ ನನ್ನ ಗಣಿತ ಕೆಲಸಕ್ಕೆ ಬಂತು. ಸಂದಿನ ಅಗಲವನ್ನು ಹಲಗೆಯ ದಪ್ಪದಿಂದ ಭಾಗಿಸಿದರೆ ಆ ಕೋನದ ಸೈನ್, ಅಂದರೆ ತ್ರಿಕೋನಮಿತಿಯಲ್ಲಿ ಬರುವ sin, ಸಿಗುತ್ತದೆ. ಸಂದು 0.4 ಮಿಲಿಮೀಟರ್, ಹಲಗೆ 6 ಮಿಲಿಮೀಟರ್ ಆದರೆ ಸುಮಾರು 4 ಡಿಗ್ರಿ. ಮೊದಲು ರದ್ದಿ ತುಂಡಿನ ಮೇಲೆ ನೋಡಿಕೊಂಡು ಅರ್ಧ ಡಿಗ್ರಿ ಆಚೀಚೆ ಮಾಡುತ್ತೇನೆ. ಕೊನೆಯವರೆಗೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು. ನಡುವೆ ದಿಕ್ಕು ಬದಲಿಸಿದರೆ ಬೆಣೆ ತಿರುವುಮುರುವಾಗುತ್ತದೆ. ಸೈನ್ ಯಾಕೆ ಕಲಿಯಬೇಕು ಟೀಚರ್ ಎಂದು ಮಕ್ಕಳು ವರ್ಷವರ್ಷವೂ ಕೇಳುತ್ತಿದ್ದರು. ಅವರಿಗೆ ತೋರಿಸಲು ಆಗ ಈ ಎಲೆ ನನ್ನ ಕೈಯಲ್ಲಿರಲಿಲ್ಲವಲ್ಲ ಎಂದು ಈಗಲೂ ಬೇಸರವಾಗುತ್ತದೆ.

ಎರಡು ಹಾಳೆ ಒಟ್ಟಿಗೆ ಕತ್ತರಿಸುವುದು ಹೊಸದೇನಲ್ಲ. ಫ್ರಾನ್ಸಿನಲ್ಲಿ 1642ರಿಂದ 1732ರವರೆಗೆ ಬದುಕಿದ್ದ ಆಂದ್ರೆ ಶಾರ್ಲ್ ಬೂಲ್ ಎಂಬ ಪೀಠೋಪಕರಣದ ಕುಶಲಕರ್ಮಿ ಹಿತ್ತಾಳೆಯ ತಗಡು, ಆಮೆಚಿಪ್ಪು ಎರಡನ್ನೂ ಜೋಡಿಸಿ ಒಟ್ಟಿಗೆ ಕತ್ತರಿಸುವ ಕೆಲಸಕ್ಕೆ ಹೆಸರಾಗಿದ್ದರು. ಒಂದರ ಹೂವು ಇನ್ನೊಂದರ ತೂತಿಗೆ ಕೂರುತ್ತಿತ್ತು. ಒಂದೇ ಗೆರೆಗೆ ಎರಡು ಫಲಕ. ಆಗ ಮೋಟರ್ ಇರಲಿಲ್ಲ, ಗರಗಸವನ್ನೂ ಕೈಯೇ ಎಳೆಯಬೇಕಿತ್ತು. ನಮಗೆ ಆ ಒಂದು ಶ್ರಮ ತಪ್ಪಿದೆ. ಗೆರೆಯ ಮೇಲೆ ಹೋಗುವ ಶ್ರಮ ಆಗಿನಷ್ಟೇ ಈಗಲೂ ಇದೆ.

ನಿಮ್ಮ ಬರಹದ ಜೊತೆಗಿದ್ದ ಫೋಟೋದಲ್ಲಿ ಕೆಲಸ ಮಾಡುತ್ತಿದ್ದವರಿಗೆ ಮಾಸ್ಕ್ ಇರಲಿಲ್ಲ, ಕನ್ನಡಕವೂ ಇರಲಿಲ್ಲ. ದಯವಿಟ್ಟು ಮುಂದಿನ ಸಲ ಅಂಥ ಫೋಟೋ ಹಾಕಬೇಡಿ. ಮರಗೆಲಸದ ಗರಗಸಗಳಲ್ಲಿ ಸ್ಕ್ರೋಲ್ ಸಾದಷ್ಟು ಸೌಮ್ಯವಾದದ್ದು ಕಡಿಮೆ, ನಿಜ. ಆದರೆ ಅದರಿಂದ ಬರುವ ಹುಡಿ ತುಂಬಾ ನಯ. ಅದರ ತೀರಾ ಸಣ್ಣ ಕಣಗಳು ಮೂಗಿನಲ್ಲಿ ನಿಲ್ಲದೆ ಒಳಗೂ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಮರದ ಹುಡಿಯನ್ನು ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದವುಗಳ ಜೊತೆ, ಇಟ್ಟಿದೆ. ತೆಳು ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು. ಕೂದಲು ಕಟ್ಟಿರಬೇಕು, ಅಂಗಿಯ ತೋಳು ಸಡಿಲ ಇರಬಾರದು. ಬೆರಳು ಎಂದೂ ಬ್ಲೇಡಿನ ನೇರ ಎದುರಿಗೆ ಬರಬಾರದು. ಬ್ಲೇಡ್ ತುಂಡಾದರೆ ಮೇಲಿನ ಚೂರು ಕುಕ್ಕುತ್ತಲೇ ಇರುತ್ತದೆ. ಕೈ ಹಿಂದಕ್ಕೆ ತೆಗೆದು ಮೊದಲು ಸ್ವಿಚ್ ಆರಿಸಬೇಕು. ಕಾಲಿನಲ್ಲಿ ಒತ್ತುವ ಸ್ವಿಚ್ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಕೊನೆಗೆ ಒಂದು ಬೇಡಿಕೆ. ನಿಮ್ಮ ಮಕ್ಕಳ ಪುಟದಲ್ಲಿ ತಿಂಗಳಿಗೊಮ್ಮೆ ಸ್ಕ್ರೋಲ್ ಸಾಗೆ ಹೊಂದುವ ಗೆರೆಚಿತ್ರ ಒಂದನ್ನು ಹಾಕಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆ ತಯಾರಕರು ನಕಾಶೆಯನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಗೆ ಸರಿಯಾಗಿ ಕತ್ತರಿಸಿ, ಮಕ್ಕಳಿಗೆ ಭೂಗೋಳ ಕಲಿಯಲು ಮಾರಿದರು. ಈಗಿನ ಜಿಗ್‌ಸಾ ಪಜಲ್ ಶುರುವಾಗಿದ್ದು ಅಂಥವುಗಳಿಂದ. ನೀವೂ ಒಂದು ನಕಾಶೆಯಿಂದಲೇ ಶುರು ಮಾಡಬಹುದು. ದೊಡ್ಡವರು ಕತ್ತರಿಸಿಕೊಟ್ಟರೆ ಮಕ್ಕಳು ಜೋಡಿಸುತ್ತಾರೆ. ನಾನು ಮಾಡಿಕೊಟ್ಟ ಅಂಥದ್ದೊಂದರಲ್ಲಿ ನನ್ನ ಮೊಮ್ಮಗ ಐದು ವರ್ಷಕ್ಕೇ ಖಂಡಗಳ ಹೆಸರು ಹೇಳುತ್ತಿದ್ದ. ಆಫ್ರಿಕಾದ ತುಂಡು ಕೈಗೆ ಚೆನ್ನಾಗಿ ಕೂರುತ್ತದೆ ಎಂದು ಅದನ್ನೇ ಹಿಡಿದುಕೊಂಡು ಮಲಗುತ್ತಿದ್ದ.

ಚಿತ್ರ ಹಾಕುವುದಾದರೆ ಗೆರೆ ಕೂದಲೆಳೆಯಷ್ಟು ಸಣ್ಣಗಿರಲಿ. ದಪ್ಪ ಗೆರೆಯಾದರೆ ಅದರ ಯಾವ ಅಂಚಿನಲ್ಲಿ ಹೋಗಬೇಕೆಂದು ತಿಳಿಯುವುದಿಲ್ಲ. ತುಂಡುಗಳು ತೀರಾ ಚಿಕ್ಕದಾಗದಿರಲಿ, ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಅತಿ ಸಣ್ಣ ಭಾಗ ಯಾವ ಕಡೆಗೆ ಸಾಗುತ್ತದೋ ಆ ಕಡೆಗೆ ಒಂದು ಬಾಣದ ಗುರುತು ಹಾಕಿ, ಮರದ ಎಳೆ ಹೀಗಿರಲಿ ಎಂದು ಬರೆಯಿರಿ. ಹಿಂಬದಿಗೆ ಮಕ್ಕಳು ಎತ್ತಿಟ್ಟುಕೊಳ್ಳುವ ಕತೆ ಪದ್ಯ ಬರದಂತೆ ನೋಡಿಕೊಳ್ಳಿ. ಆ ಬದಿಗೆ ನಾವು ಗೋಂದು ಹಚ್ಚುತ್ತೇವೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಗಣಿತ ಶಿಕ್ಷಕಿ