ವಿದೇಶದಲ್ಲಿರುವವರು ‘ವಿಳಾಸದಲ್ಲಿ ಇಲ್ಲ’ ಎಂಬ ವರದಿ

ಮಾನ್ಯ ಸಂಪಾದಕರೇ,

ಕೆನಡಾದಲ್ಲಿ ಕಾಯಂ ವಾಸಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ‘ಪಿಆರ್‌’ಗೆ, ಅರ್ಜಿ ಹಾಕುವ ನಮ್ಮ ಮಕ್ಕಳು ಅಲ್ಲಿಂದಲೇ ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ (ಪೊಲೀಸ್ ದಾಖಲೆಯಲ್ಲಿ ಪ್ರತಿಕೂಲವಾದದ್ದೇನೂ ಇಲ್ಲವೆಂಬ ಪ್ರಮಾಣಪತ್ರ) ಪಡೆಯಲು ಪಡುತ್ತಿರುವ ಪಾಡನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಮಗಳು ಒಂಟಾರಿಯೊದಲ್ಲಿ ಓದು ಮುಗಿಸಿ ಅಲ್ಲಿಯೇ ಕೆಲಸದಲ್ಲಿದ್ದಾಳೆ. ಅವಳ ಅರ್ಜಿಯ ಸಲುವಾಗಿ ಇಲ್ಲಿ ಓಡಾಡಿದವನು ನಾನು.

ಹದಿನೆಂಟು ತುಂಬಿದ ಮೇಲೆ, ಕಳೆದ 10 ವರ್ಷಗಳ ಅವಧಿಯಲ್ಲಿ ಸತತವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ವಾಸವಿದ್ದ ಪ್ರತಿಯೊಂದು ದೇಶದಿಂದಲೂ ಪೊಲೀಸ್ ಪ್ರಮಾಣಪತ್ರ ತರಬೇಕೆಂಬುದು ಕೆನಡಾದ ವಲಸೆ ಇಲಾಖೆಯ ನಿಯಮ. ಪಿಆರ್‌ಗೆ ಕುಶಲ ಕೆಲಸಗಾರರನ್ನು ಅಂಕಗಳ ಮೇಲೆ ಆರಿಸುವ ‘ಎಕ್ಸ್‌ಪ್ರೆಸ್ ಎಂಟ್ರಿ’ ವ್ಯವಸ್ಥೆಯಲ್ಲಿ ಆಹ್ವಾನ ಬಂದ ನಂತರ ಪೂರ್ಣ ಅರ್ಜಿ ಸಲ್ಲಿಸಲು ಸಿಗುವುದು 60 ದಿನ ಮಾತ್ರ. ಹಾಗಿದ್ದರೆ ವಿಮಾನ ಹತ್ತುವ ಮೊದಲೇ ಊರಿನಲ್ಲಿ ಮಾಡಿಸಿ ಇಟ್ಟುಕೊಳ್ಳಬಾರದಿತ್ತೇ ಎಂದು ಬಂಧುಗಳು ಸಹಜವಾಗಿಯೇ ಕೇಳುತ್ತಾರೆ. ಅದಾಗುವುದಿಲ್ಲ. ಈಗ ವಾಸವಿಲ್ಲದ ದೇಶದ ಪ್ರಮಾಣಪತ್ರವು ಅಲ್ಲಿ ಕೊನೆಯ ಬಾರಿ ವಾಸವಿದ್ದ ಅವಧಿ ಮುಗಿದ ಮೇಲೆ ಪಡೆದದ್ದಾಗಿರಬೇಕು. ಆದ್ದರಿಂದ ಊರು ಬಿಟ್ಟ ಮೇಲೆ ಊರಿನ ಪೊಲೀಸರಿಂದ ಪತ್ರ ಪಡೆಯುವುದು ಈ ಮಕ್ಕಳಿಗೆ ಅನಿವಾರ್ಯ.

ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ಕಾನ್ಸುಲೇಟ್‌ಗೆ, ಅದು ಗೊತ್ತುಪಡಿಸಿದ ಹೊರಗುತ್ತಿಗೆ ಕೇಂದ್ರದ ಮೂಲಕ, ಅರ್ಜಿ ಕೊಡುತ್ತಾರೆ. ಅಲ್ಲಿಯವರೆಗೆ ಎಲ್ಲವೂ ಸಲೀಸು. ಪಾಸ್‌ಪೋರ್ಟ್ ಭಾರತದಲ್ಲಿ ಕೊಟ್ಟದ್ದಾಗಿದ್ದು ಇಲ್ಲಿಂದ ಪರಿಶೀಲನೆ ಬೇಕಾದರೆ ಕಡತ ಪಾಸ್‌ಪೋರ್ಟ್ ಕಚೇರಿಗೆ, ಅಲ್ಲಿಂದ ಎಸ್‌ಪಿ ಕಚೇರಿಗೆ, ಕಡೆಗೆ ಪಾಸ್‌ಪೋರ್ಟ್‌ನಲ್ಲಿ ನಮೂದಾದ ವಿಳಾಸದ ಠಾಣೆಗೆ ಬರುತ್ತದೆ. ತೊಡಕು ಶುರುವಾಗುವುದು ಇಲ್ಲಿ.

ನಮ್ಮ ಮಗಳ ಪಾಸ್‌ಪೋರ್ಟ್‌ನಲ್ಲಿರುವುದು ನಾವು ಹಿಂದೆ ಇದ್ದ ಬಾಡಿಗೆ ಮನೆಯ ವಿಳಾಸ. ಈಗ ಅದೇ ಊರಿನ ಮತ್ತೊಂದು ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದೇವೆ. ಠಾಣೆಯ ಸಿಬ್ಬಂದಿ ಹಳೆಯ ಮನೆಗೆ ಹೋಗಿ, ಅಲ್ಲಿ ಈಗಿರುವ ಬಾಡಿಗೆದಾರರನ್ನು ಕೇಳಿ, ಅರ್ಜಿದಾರಳು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ ಎಂದು ವರದಿ ಬರೆದು ಕಳಿಸಿದರು. ಕಾನ್ಸುಲೇಟ್ ಮೂಲಕ ಅರ್ಜಿ ಹಾಕಿದವಳು ಇಲ್ಲಿ ವಾಸವಿಲ್ಲ ಎಂಬುದನ್ನು ತಿಳಿಯಲು ಬೈಕ್ ಹತ್ತಿ ಹೋಗಿ ವಿಚಾರಿಸಬೇಕಿತ್ತೇ? ನಾನು ಠಾಣೆಗೆ ಹೋದಾಗ ಅಲ್ಲಿನ ಮುಖ್ಯಪೇದೆ ಸೌಜನ್ಯದಿಂದಲೇ ಮಾತನಾಡಿದರು. ಹಳೆಯ ಬೀದಿಯ ಇಬ್ಬರು ನೆರೆಯವರ ಸಹಿ ಮತ್ತು ಆಧಾರ್ ಜೆರಾಕ್ಸ್ ತಂದುಕೊಡಿ ಎಂದರು. ಎದುರು ಮನೆಯ ಹಿರಿಯರು ಗುರುತು ಹಿಡಿದು ಕೂಡಲೇ ಸಹಿ ಹಾಕಿದರು. ಇನ್ನೊಬ್ಬರು ಪೊಲೀಸ್ ಕಾಗದಕ್ಕೆ ಆಧಾರ್ ಕೊಡಲು ಹಿಂದೇಟು ಹಾಕಿದರು, ಅವರನ್ನು ದೂರುವಂತಿಲ್ಲ. ಬಂದೋಬಸ್ತು, ಸಮನ್ಸ್ ಜಾರಿ, ನ್ಯಾಯಾಲಯದ ಕೆಲಸಗಳ ನಡುವೆ ಈ ವಿಚಾರಣೆಯನ್ನೂ ಹೊತ್ತ ಸಿಬ್ಬಂದಿಯ ಮೇಲೂ ನನಗೆ ಸಿಟ್ಟಿಲ್ಲ. ನನ್ನ ತಕರಾರು ಅವರಿಗೆ ಒಪ್ಪಿಸಿರುವ ಪ್ರಶ್ನೆಯ ಬಗ್ಗೆ.

ಈ ಪ್ರಮಾಣಪತ್ರ ಹೇಳಬೇಕಾದದ್ದು ಒಂದೇ ಸಂಗತಿ: ಈ ವ್ಯಕ್ತಿಯ ವಿರುದ್ಧ ಪೊಲೀಸ್ ದಾಖಲೆಯಲ್ಲಿ ಪ್ರತಿಕೂಲವಾದದ್ದು ಏನಾದರೂ ಇದೆಯೇ, ಇಲ್ಲವೇ. ಅದಕ್ಕೆ ಉತ್ತರ ಇರುವುದು ದಾಖಲೆಯಲ್ಲಿ, ಖಾಲಿ ಮಾಡಿಹೋದ ಮನೆಯ ಬಾಗಿಲಲ್ಲಿ ಅಲ್ಲ. ದೇಶದ ಠಾಣೆಗಳನ್ನು ಒಂದೇ ಜಾಲಕ್ಕೆ ತರುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ 2009ರಲ್ಲಿಯೇ ಒಪ್ಪಿಗೆ ನೀಡಿದೆ. ಎಫ್‌ಐಆರ್‌ಗಳು ಅದರಲ್ಲಿ ದಾಖಲಾಗುತ್ತಿವೆ. ಅರ್ಜಿದಾರರು ಭಾರತದಲ್ಲಿ ವಾಸವಿದ್ದ ಎಲ್ಲ ಊರುಗಳ ಹೆಸರನ್ನು ಪಡೆದು ಆ ಜಾಲದಲ್ಲಿ ಹುಡುಕಿದರೆ, ಒಂದು ಬೀದಿಯ ವಿಚಾರಣೆಯಿಂದ ಸಿಗುವುದಕ್ಕಿಂತ ಹೆಚ್ಚು ನಂಬಲರ್ಹ ಮಾಹಿತಿ ಸಿಗುತ್ತದೆ. ಮಗಳು ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದುಕೊಂಡು. ಅಲ್ಲಿ ಅವಳು ಹೇಗಿದ್ದಳೆಂದು ನಮ್ಮ ಹಳೆಯ ಬೀದಿಯವರು ಏನು ಬಲ್ಲರು?

ಬೇರೆ ದೇಶಗಳು ಇದನ್ನು ಹೇಗೆ ಮಾಡುತ್ತವೆ ನೋಡಿ. ಅಮೆರಿಕದಲ್ಲಿ ಕೆಲಸ ಮಾಡಿ ಮರಳಿದ ನಮ್ಮವರೊಬ್ಬರು ಅಲ್ಲಿನ ಪ್ರಮಾಣಪತ್ರ ಬೇಕೆಂದರೆ ಬೆರಳಚ್ಚಿನ ಕಾರ್ಡ್ ಮತ್ತು 18 ಡಾಲರ್ ಶುಲ್ಕವನ್ನು ಎಫ್‌ಬಿಐಗೆ ಕಳಿಸುತ್ತಾರೆ. ಅವರು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಕದವನ್ನು ಯಾರೂ ತಟ್ಟುವುದಿಲ್ಲ. ಜರ್ಮನಿಯಲ್ಲಿದ್ದು ಬಂದವರು ಸಹಿ ಮತ್ತು ಗುರುತನ್ನು ದೃಢೀಕರಿಸಿಕೊಂಡು ಬಾನ್ ನಗರದ ಫೆಡರಲ್ ನ್ಯಾಯ ಕಚೇರಿಗೆ ಅರ್ಜಿ ಹಾಕಿದರೆ, ಅಲ್ಲಿನ ಕೇಂದ್ರ ನೋಂದಣಿಯನ್ನು ನೋಡಿ ಪತ್ರ ಕೊಡುತ್ತಾರೆ. ನಮ್ಮಲ್ಲಿಯೂ ತಪಾಸಣೆ ಕಟ್ಟುನಿಟ್ಟಾಗಿಯೇ ಇರಲಿ; ರಿಯಾಯಿತಿ ಯಾರೂ ಕೇಳುತ್ತಿಲ್ಲ.

ಎಲ್ಲಕ್ಕಿಂತ ಬೇಸರ ತಂದದ್ದು ಮೌನ. ಕಡತ ಎಲ್ಲಿದೆ, ಏಕೆ ನಿಂತಿದೆ ಎಂಬುದು ಮಗಳಿಗೆ ಅಲ್ಲಿ ತಿಳಿಯಲಿಲ್ಲ. ಅವಳು ನೋಡುತ್ತಿದ್ದ ತೆರೆಯ ಮೇಲೆ ಇದ್ದದ್ದು ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು. ಇಂಥ ಹೊತ್ತಿನಲ್ಲೇ ಏಜೆಂಟರು ಕೈಹಾಕುವುದು. ಠಾಣೆಗೆ ‘ನಮ್ಮ ಹುಡುಗನನ್ನು’ ಕಳಿಸುತ್ತೇವೆ ಎಂದು ನನಗೂ ಒಬ್ಬರು ಫೋನ್ ಮಾಡಿದ್ದರು.

ವಿದೇಶಾಂಗ ಸಚಿವಾಲಯ ಮತ್ತು ರಾಜ್ಯದ ಗೃಹ ಇಲಾಖೆ ಒಟ್ಟಿಗೆ ಕುಳಿತು, ಕಾನ್ಸುಲೇಟ್ ಮೂಲಕ ಬಂದ ಅರ್ಜಿಗಳಲ್ಲಿ ‘ವಾಸವಿಲ್ಲ’ ಎಂಬುದನ್ನು ಪ್ರತಿಕೂಲ ವರದಿಯೆಂದು ಪರಿಗಣಿಸಬಾರದೆಂದು ಠಾಣೆಗಳಿಗೆ ಸ್ಪಷ್ಟ ಸುತ್ತೋಲೆ ಕಳಿಸಬೇಕು. ವಿಳಾಸ ಬದಲಾಗಿದ್ದರೆ ತಂದೆತಾಯಿಯ ಈಗಿನ ಮನೆಯಲ್ಲಿ ವಿಚಾರಿಸಲು ಅವಕಾಶವಿರಬೇಕು. ವರದಿ ಪ್ರತಿಕೂಲವಾದರೆ ಅದರ ಕಾರಣ ಅರ್ಜಿದಾರರಿಗೆ ಲಿಖಿತವಾಗಿ ತಲುಪಬೇಕು.

ಸದ್ಯ ಇದೇ ಸಾಲಿನಲ್ಲಿರುವವರಿಗೆ ಒಂದು ಮಾತು. ಗಡುವಿನೊಳಗೆ ಪತ್ರ ಕೈಸೇರದಿದ್ದರೆ, ಅರ್ಜಿ ಹಾಕಿದ ರಸೀದಿಯೊಂದಿಗೆ ವಿವರಣೆಯ ಪತ್ರ ಲಗತ್ತಿಸಬಹುದು. ಅದನ್ನು ಒಪ್ಪುವುದು ಬಿಡುವುದು ಕೆನಡಾದ ಅಧಿಕಾರಿಯ ವಿವೇಚನೆಗೆ ಸೇರಿದ್ದು. ರಸೀದಿಯನ್ನು ಜೋಪಾನವಾಗಿಡಿ, ಮಕ್ಕಳ ಪಾಸ್‌ಪೋರ್ಟ್ ನವೀಕರಿಸುವಾಗ ಹಳೆಯ ಬಾಡಿಗೆ ಮನೆಯ ವಿಳಾಸವನ್ನು ಹಾಗೆಯೇ ಮುಂದುವರಿಸಬೇಡಿ.

ಇಂತಿ,
ನಿಮ್ಮ ಓದುಗ,
ದಾವಣಗೆರೆ