ಮಗನನ್ನು ಯಾವ ಕಾಲೇಜಿಗೆ ಹಾಕುವುದು ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಮಗನ ಹತ್ತನೇ ಕ್ಲಾಸು ಮುಗೀತು, ಪಿಯುಸಿಗೆ ಊರಿಗೆ ಕಳಿಸ್ತೇನೆ, ನಮ್ಮ ಮುಸ್ಲಿಮರ ಕಾಲೇಜಿಗೇ ಹಾಕ್ಲಾ, ಎಲ್ಲ ಧರ್ಮದವರೂ ಇರುವಲ್ಲಿಗೆ ಹಾಕ್ಲಾ, ಮಂಗಳೂರಿನ ಕೋಮು ಗಲಾಟೆಯ ಸುದ್ದಿ ನೋಡಿದ್ರೆ ಹೆದರಿಕೆ ಆಗ್ತದೆ ಮಾರಾಯ, ಅಂದಿದ್ದಿ. ಸೌದಿಯ ಜುಬೈಲಿನಲ್ಲಿ ಕೂತು ಫೋನಿನಲ್ಲಿ ಊರು ನೋಡುವವನಿಗೆ ಹೆದರಿಕೆ ಆಗದಿದ್ದರೇ ಆಶ್ಚರ್ಯ.

ಎಲ್ಲರೂ ಇರುವಲ್ಲಿಗೇ ಹಾಕು. ಆದರೆ ಎಲ್ಲರೂ ಇದ್ದಾರೆ ಅಂತ ಫೀಸು ಕಟ್ಟಿ ಬರಬೇಡ, ಒಳಗೆ ಮಕ್ಕಳನ್ನು ಹೇಗೆ ಕೂರಿಸ್ತಾರೆ ಅಂತ ವಿಚಾರಿಸು. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಾ ತಲೆ ಬೆಳ್ಳಗಾದವನು ನಾನು. ಹದಿನಾರರ ಹುಡುಗರು ಜಗಳ ಮಾಡಿಕೊಂಡು ದೂರ ಆದದ್ದಕ್ಕಿಂತ, ನಾವು ಬರೆದ ಟೈಮ್‌ಟೇಬಲ್ಲಿನಿಂದ ದೂರ ಆದದ್ದೇ ಹೆಚ್ಚು ನೋಡಿದ್ದೇನೆ.

ಭಾಷೆಯ ವಿಷಯವನ್ನೇ ತಗೋ. ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆ ಆರಿಸಬೇಕಲ್ಲ, ಕನ್ನಡ, ಹಿಂದಿ, ಸಂಸ್ಕೃತ, ಅರೇಬಿಕ್, ಹೀಗೆ. ಸಂಸ್ಕೃತಕ್ಕೆ ಮಾರ್ಕು ಜಾಸ್ತಿ ಬೀಳ್ತದೆ ಅಂತ ಒಂದು ಗುಂಪು ಅತ್ತ ಹೋಗ್ತದೆ, ಮದ್ರಸದಲ್ಲಿ ಓದಿ ಅಭ್ಯಾಸ ಉಂಟಲ್ಲ ಅಂತ ಇನ್ನೊಂದು ಗುಂಪು ಇತ್ತ. ಕೆಲವು ಕಾಲೇಜಿನಲ್ಲಿ ಆಫೀಸಿಗೆ ಸುಲಭ ಆಗಲಿ ಅಂತ ಸೆಕ್ಷನ್ನನ್ನೇ ಭಾಷೆಯ ಮೇಲೆ ಮಾಡ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಆದರೆ ಎ ಸೆಕ್ಷನ್ನಿನಲ್ಲಿ ಒಂದು ಜಾತ್ರೆ, ಸಿ ಸೆಕ್ಷನ್ನಿನಲ್ಲಿ ಇನ್ನೊಂದು ಉರೂಸು. ಎರಡು ವರ್ಷ ಒಂದೇ ಗೇಟಿನೊಳಗೆ ಓದಿ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನಿನ್ನ ಮಗನಿಗೆ ಕನ್ನಡ ಕಷ್ಟ ಆದರೆ ಹಿಂದಿ ಕೊಡಿಸು. ಸೆಕ್ಷನ್ ಯಾವ ಲೆಕ್ಕದಲ್ಲಿ ಮಾಡ್ತೀರಿ ಅಂತ ಪ್ರಿನ್ಸಿಪಾಲರನ್ನು ಬಾಯಿ ಬಿಟ್ಟು ಕೇಳು.

ಇನ್ನು ಲ್ಯಾಬಿನಲ್ಲಿ ರೋಲ್ ನಂಬರ್ ಅಕ್ಷರಮಾಲೆಯ ಪ್ರಕಾರ ಇದ್ದರೆ ದೇವರ ದಯೆ. ಅಬ್ದುಲ್‌ನ ಪಕ್ಕ ಅಭಿಷೇಕ್, ಅವನ ಪಕ್ಕ ಆಲ್ವಿನ್. ಪರ್ಮ್ಯಾಂಗನೇಟ್ ಟೈಟ್ರೇಶನ್, ಅಂದರೆ ಬಣ್ಣ ತಿರುಗುವ ತನಕ ಹನಿ ಹನಿ ಬಿಡುವ ಪ್ರಯೋಗ, ಮಾಡುವಾಗ ಒಬ್ಬ ಬ್ಯುರೆಟ್ಟಿನ ಕೀಲಿ ಹಿಡೀತಾನೆ, ಇನ್ನೊಬ್ಬ ಬಿಸಿ ಫ್ಲಾಸ್ಕನ್ನು ಅಲ್ಲಾಡಿಸ್ತಾನೆ. "ಬಂತಾ?" "ಇಲ್ಲ, ಬಿಡು." "ಈಗ?" ತಿಳಿ ಗುಲಾಬಿ ಬಣ್ಣ ನಿಂತ ಕೂಡಲೆ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾಯಿತೋ, ಇಬ್ಬರೂ ಮೊದಲಿನಿಂದ ಶುರು ಮಾಡಬೇಕು, ಇಬ್ಬರಿಗೂ ನನ್ನಿಂದ ಬೈಗುಳ. ಹೊರಗೆ ಹೋಗಿ ಇಬ್ಬರೂ ಸೇರಿ ನನಗೆ ಬೈಯುವುದೂ ಉಂಟು, ತುಳುವಿನಲ್ಲಿ. ಮನೆಯಲ್ಲಿ ಒಬ್ಬ ಬ್ಯಾರಿ ಮಾತಾಡಲಿ, ಒಬ್ಬ ಕೊಂಕಣಿ ಮಾತಾಡಲಿ, ಬೈಯಲಿಕ್ಕೆ ಮಾತ್ರ ನಮ್ಮ ಊರಿನಲ್ಲಿ ತುಳುವೇ ಬೇಕು.

ಇದು ಬರೀ ನನ್ನ ಅಂದಾಜು ಅಂತ ತಿಳೀಬೇಡ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ 1,261 ಹುಡುಗರನ್ನು ಆರಿಸಿ, ಅವರಲ್ಲಿ 800 ಮಂದಿಗೆ ಕ್ರಿಕೆಟ್ ಲೀಗ್ ಆಡಿಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟ ಆಯಿತು. ಅದು ಧರ್ಮದ ಬಗ್ಗೆ ಅಲ್ಲ, ಜಾತಿಯ ಬಗ್ಗೆ. ಬೇರೆ ಜಾತಿಯವರು ಒಂದೇ ಟೀಮಿನಲ್ಲಿ ಆಡಿದಲ್ಲಿ ಗೆಳೆತನ ಹೆಚ್ಚಿತು, ಎದುರಾಳಿಗಳಾಗಿ ಆಡಿದಲ್ಲಿ ಕಡಿಮೆ ಆಯಿತು. ನಮ್ಮಲ್ಲಿ ಸೌಹಾರ್ದಕ್ಕೆ ಅಂತ ಆ ಕೇರಿಯ ತಂಡಕ್ಕೂ ಈ ಕೇರಿಯ ತಂಡಕ್ಕೂ ಕಬಡ್ಡಿ ಮ್ಯಾಚ್ ಇಡ್ತಾರಲ್ಲ, ಅಂಥವರು ಇದನ್ನು ಒಮ್ಮೆ ಓದಬೇಕು. ಇರಾಕಿನಲ್ಲಿ, ಐಸಿಸ್‌ನಿಂದ ಮನೆ ಬಿಟ್ಟು ಬಂದ ಕ್ರೈಸ್ತರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದ್ದರು, 2020ರಲ್ಲಿ ಅದರ ಫಲಿತಾಂಶ ಬಂತು. ಮೈದಾನದಲ್ಲಿ ಚೆನ್ನಾಗಿ ಹೊಂದಿಕೊಂಡರು, ತಿಂಗಳುಗಳು ಕಳೆದ ಮೇಲೂ ಒಟ್ಟಿಗೆ ಅಭ್ಯಾಸ ಮಾಡಿದರು. ಆದರೆ ಆ ಬಳಗದ ಹೊರಗಿನ ಅಪರಿಚಿತ ಮುಸ್ಲಿಮರ ವಿಷಯದಲ್ಲಿ ಅಷ್ಟೇನೂ ಬದಲಾಗಲಿಲ್ಲ. ನನಗೆ ಇದು ನಿರಾಸೆ ಅನ್ನಿಸುವುದಿಲ್ಲ. ಒಬ್ಬ ಆಲ್ವಿನ್ ಗೊತ್ತಾದರೆ ಆಲ್ವಿನ್ ಗೊತ್ತಾದ, ಅಷ್ಟೇ. ಇನ್ನೊಬ್ಬನನ್ನು ಪುನಃ ಶುರುವಿನಿಂದ ಗೊತ್ತು ಮಾಡಿಕೊಳ್ಳಬೇಕು.

ವೇದಿಕೆಯ ಸೌಹಾರ್ದದಲ್ಲಿ ನನಗೆ ನಂಬಿಕೆ ಕಮ್ಮಿ, ನಿನಗೆ ಗೊತ್ತೇ ಉಂಟು. ಒಬ್ಬರು ಸ್ವಾಮೀಜಿ, ಒಬ್ಬರು ಫಾದರ್, ಒಬ್ಬರು ಉಸ್ತಾದ್ ಸೇರಿ ದೀಪ ಹಚ್ಚಿ, ಮೂಲ್ಕಿಯ ಬಪ್ಪನಾಡು ದೇವಸ್ಥಾನ ಕಟ್ಟಿಸಿದ ಅನ್ನುವ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಕಥೆ ಹೇಳಿ ಹೋಗ್ತಾರೆ. ಕಥೆ ಒಳ್ಳೆಯದೇ. ಕೆಳಗೆ ಮಕ್ಕಳು ತಮ್ಮ ತಮ್ಮ ಗುಂಪಿನಲ್ಲೇ ಕೂತು ಕೇಳ್ತಾರೆ.

ಬಸ್ಸಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಲೈನ್ ಬಸ್ಸಿನಲ್ಲಿ ಸೀಟು ಸಿಕ್ಕಿದವನ ಮಡಿಲಿಗೆ ನಿಂತವರ ಬ್ಯಾಗೆಲ್ಲ ಬೀಳ್ತಿತ್ತಲ್ಲ, ಯಾರ ಬ್ಯಾಗು ಅಂತ ನೋಡದೆ? ಈಗ ಕಾಲೇಜಿನ ವ್ಯಾನು ಮನೆಯ ಗೇಟಿಗೇ ಬರ್ತದೆ. ಸುರಕ್ಷಿತ, ಒಪ್ಪಿದೆ. ಆದರೆ ಮಗನನ್ನು ಆದಷ್ಟು ಬಸ್ಸಿನಲ್ಲೇ ಕಳಿಸು.

ಹೆದರಿಕೆ ಸುಳ್ಳು ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲಿನ ಹೋಮ್‌ಸ್ಟೇಗೆ ನೈತಿಕ ಪೊಲೀಸ್‌ಗಿರಿಯವರು ನುಗ್ಗಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರಿಗೆ ಹೊಡೆದದ್ದು ನೀನೂ ಟಿವಿಯಲ್ಲಿ ನೋಡಿದ್ದಿ. ಬೇರೆ ಧರ್ಮದ ಹುಡುಗಿ ನೋಟ್ಸ್ ಕೇಳಿದರೆ ಕೊಡಲಿ, ಕ್ಯಾಂಟೀನಿನಲ್ಲಿ ಎಲ್ಲರ ನಡುವೆ ಕೂತು ಮಾತಾಡಲಿ. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೇ ನಿಂತರೆ ಯಾರೋ ಒಬ್ಬ ಮೊಬೈಲ್ ಎತ್ತುತ್ತಾನೆ ಅನ್ನುವುದನ್ನು ಮಾತ್ರ ಅವನಿಗೆ ತಿಳಿಸಿಯೇ ಕಳಿಸು. ಹದಿನಾರರ ಹುಡುಗನಿಗೆ ಇಂಥ ಬುದ್ಧಿ ಹೇಳಬೇಕಾಗಿ ಬಂದದ್ದಕ್ಕೆ ನನಗೆ ಸಿಟ್ಟುಂಟು. ಆದರೂ ಹೇಳು.

ಮಗಳ ಸ್ಕಾರ್ಫಿನದ್ದೂ ಕೇಳಿದ್ದಿ. 2022ರ ಮಾರ್ಚಿನಲ್ಲಿ ಹೈಕೋರ್ಟು ಸಮವಸ್ತ್ರದ ಹೆಸರಿನಲ್ಲಿ ಸ್ಕಾರ್ಫ್ ತಡೆದ ಸರಕಾರದ ಆದೇಶ ಎತ್ತಿಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ಹೊಂದದ ಎರಡು ತೀರ್ಪು ಕೊಟ್ಟರು. ಅದರ ನಡುವೆ ಎಷ್ಟೋ ಹುಡುಗಿಯರು ಟಿಸಿ ತಗೊಂಡು ನಡೆದರು. ಅದರಿಂದ ಯಾವ ಸಮಾನತೆ ಬಂತೋ ನನಗೆ ಗೊತ್ತಾಗಲಿಲ್ಲ. ಖಾಲಿಯಾದ ಬೆಂಚಿನ ಪಕ್ಕ ಕೂತಿದ್ದ ಹುಡುಗಿಯೂ ಒಬ್ಬ ಗೆಳತಿಯನ್ನು ಕಳಕೊಂಡಳು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಿನ್ನ ಮಗಳ ಅಡ್ಮಿಷನ್ನಿಗೆ ಇನ್ನೂ ಸಮಯ ಉಂಟು, ಆಗ ನಾನೇ ಕಾಲೇಜಿಗೆ ಹೋಗಿ ವಿಚಾರಿಸ್ತೇನೆ.

ಸದ್ಯ ಹುಡುಗನಿಗೆ ಅಲ್ಲಿಯ ಶಾಲೆಯಿಂದ ಟಿಸಿ, ಮೈಗ್ರೇಶನ್ ಸರ್ಟಿಫಿಕೇಟು ತೆಗೆದಿಡು. ಶುಕ್ರವಾರ ಮಧ್ಯಾಹ್ನ ಪ್ರಾಕ್ಟಿಕಲ್ ಇಡುವ ಕಾಲೇಜಾದರೆ ಜುಮಾಕ್ಕೆ ಏನು ಮಾಡ್ತೀರಿ ಅಂತ ಮೊದಲೇ ಕೇಳು. ಹಾಸ್ಟೆಲ್ ಬೇಡ, ನಿನ್ನ ಅಕ್ಕನ ಮನೆಯಿಂದ ಎಂಟು ಗಂಟೆಯ ಬಸ್ಸು ಉಂಟು. ಮೊದಲ ವಾರ ನಾನು ಅವನ ಜೊತೆ ಹೋಗಿ ಬರ್ತೇನೆ. ಮೇಷ್ಟ್ರ ಜೊತೆ ಬರುವುದು ಮರ್ಯಾದೆಗೇಡು ಅಂತ ಅವನಿಗೆ ಅನ್ನಿಸಿದರೆ, ಎರಡು ಸೀಟು ಹಿಂದೆ ಕೂರ್ತೇನೆ.

ನಿನ್ನವ